ಬಿಳಿ ಗಾಡಿ ತಾನೇ?

(1/8)

ನಮ್ಮ ಬಿಸಿನೆಸ್ ಲಾ ಪುಸ್ತಕದಲ್ಲಿ ಒಬ್ಬ ಕುಡುಕ ಇದ್ದಾನೆ. ಬಿಕಾಂ ಓದಿದ ಎಲ್ಲರಿಗೂ ಅವನ ಪರಿಚಯ ಇರುತ್ತೆ. 1872ರ ಭಾರತೀಯ ಕರಾರು ಕಾಯ್ದೆ, ಸೆಕ್ಷನ್ 12ರ ಉದಾಹರಣೆ. ಅವನಿಗೆ ಹೆಸರಿಲ್ಲ, ಊರಿಲ್ಲ. ಕರಾರಿನ ಷರತ್ತು ಅರ್ಥ ಆಗದಷ್ಟು, ತನ್ನ ಲಾಭ ನಷ್ಟ ತೂಗೋಕೆ ಆಗದಷ್ಟು ಕುಡಿದಿದ್ದಾನೆ. ಅಮಲು ಇಳಿಯೋವರೆಗೂ ಅವನು ಕರಾರು ಮಾಡೋ ಹಾಗಿಲ್ಲ. ಜ್ವರ ತಲೆಗೇರಿ ಬಡಬಡಿಸೋನನ್ನೂ ಅವನ ಪಕ್ಕದಲ್ಲೇ ಕೂರಿಸಿದ್ದಾರೆ.

ಅದೇ 1872ರಲ್ಲಿ ಅದೇ ಸರ್ಕಾರ ಸಾಕ್ಷ್ಯ ಕಾಯ್ದೆಯನ್ನೂ ತಂತು. ಅದು ನಮ್ಮ ಸಿಲಬಸ್ಸಲ್ಲಿಲ್ಲ, ಲಾ ಓದೋ ಫ್ರೆಂಡ್ ತೋರಿಸಿದ್ದು. ಅದರ ಸೆಕ್ಷನ್ 29ರಲ್ಲೂ ಒಬ್ಬ ಕುಡುಕ ಬರ್ತಾನೆ. ಅವನು ತಪ್ಪೊಪ್ಪಿಗೆ ಕೊಟ್ಟಿದ್ದಾನೆ. ಕಾನೂನು ಏನು ಹೇಳುತ್ತೆ ಅಂದ್ರೆ, ಕುಡಿದಿದ್ದ ಅನ್ನೋ ಒಂದೇ ಕಾರಣಕ್ಕೆ ಆ ತಪ್ಪೊಪ್ಪಿಗೆಯನ್ನ ಪಕ್ಕಕ್ಕಿಡೋ ಹಾಗಿಲ್ಲ. ಅವನಿಗೆ ಮೋಸ ಮಾಡಿ ಹೇಳಿಸಿದ್ರೂ ಹಾಗೇ. ಪ್ರಶ್ನೆ ಯಾವ ರೂಪದಲ್ಲಿ ಇದ್ರೂ ಹಾಗೇ. 2024ರ ಜುಲೈ 1ರಿಂದ ಹಳೇ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಕುಡುಕ ಮಾತ್ರ ಎಲ್ಲೂ ಹೋಗಿಲ್ಲ, ಸೆಕ್ಷನ್ 22ರೊಳಗೆ ಕೂತಿದ್ದಾನೆ.

ಅಂದ್ರೆ, ಕುಡಿದ ಮತ್ತಲ್ಲಿ ನಿಮ್ಮ ಸ್ಕೂಟರ್ ಮಾರೋ ಹಾಗಿಲ್ಲ. ಕೊಲೆ ಒಪ್ಪಿಕೊಳ್ಳಬಹುದು.

(2/8)

ಲಾ ಸ್ಟೂಡೆಂಟ್ಸ್ ಈಗಾಗಲೇ ಕೈ ಎತ್ತಿರ್ತೀರ. ಹೌದು, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನ ಆರೋಪಿಯ ವಿರುದ್ಧ ಬಳಸೋ ಹಾಗಿಲ್ಲ. ಇದು ನಮ್ಮ ಕಾನೂನಿನ ಒಳ್ಳೇ ಗುಣ. ‘ಪಕ್ಕಕ್ಕಿಡಬೇಡಿ’ ಅಂದ್ರೆ ‘ನಂಬಿ’ ಅಂತ ಅರ್ಥ ಅಲ್ಲ, ತೂಕ ಎಷ್ಟು ಅನ್ನೋದನ್ನ ಜಡ್ಜ್ ನೋಡ್ತಾರೆ. ಅದೂ ಸರಿ.

ಆದ್ರೆ ಫ್ರೆಂಡ್ ಮುಂದೆ, ಸಂಬಂಧಿಕರ ಮುಂದೆ, ಬಾರ್ ಟೇಬಲ್ ಮುಂದೆ ಹೇಳಿದ್ದು ಪೊಲೀಸರ ಮುಂದೆ ಹೇಳಿದ್ದಲ್ಲವಲ್ಲ? ಮತ್ತೆ ಸಾಕ್ಷಿಗಳು? ಸಾಕ್ಷಿ ಏನನ್ನೂ ‘ಒಪ್ಪಿಕೊಳ್ಳೋದೇ’ ಇಲ್ಲ, ನೋಡಿದ್ದನ್ನ ಹೇಳ್ತಾನೆ ಅಷ್ಟೇ. ಅವನು ನೋಡಿದಾಗ ಕುಡಿದಿದ್ನಾ, ಹೇಳುವಾಗ ಕುಡಿದಿದ್ನಾ, ಯಾರು ಏನು ಕೇಳಿದ್ದಕ್ಕೆ ಹಾಗೆ ಹೇಳಿದ ಅನ್ನೋದು ಹೇಳಿಕೆಯ ಹಾಳೆ ಮೇಲೆ ಕಾಣಲ್ಲ. ಹಾಳೆ ಮೇಲೆ ಉತ್ತರ ಮಾತ್ರ ಇರುತ್ತೆ, ಪ್ರಶ್ನೆ ಇರಲ್ಲ.

ನನ್ನ ತಲೆ ಕೆಡಿಸಿದ್ದು ಆ ಕಾಣೆಯಾದ ಪ್ರಶ್ನೆ.

(3/8)

ಐಸ್‌ಲ್ಯಾಂಡ್ ಗೊತ್ತಲ್ಲ, ಉತ್ತರದ ತುದಿಯ ಪುಟ್ಟ ದೇಶ. 1970ರ ದಶಕದಲ್ಲಿ ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನ ಪೊಲೀಸ್ ಇಲಾಖೆಯಲ್ಲಿ ಗಿಸ್ಲಿ ಗುಡ್ಜಾನ್ಸನ್ ಅನ್ನೋ ಹುಡುಗ ಕೆಲಸ ಮಾಡ್ತಿದ್ದ. ಒಬ್ಬ ಹೆಂಗಸು ಪರ್ಸ್ ಕಳುವಾಗಿದೆ ಅಂತ ದೂರು ಕೊಟ್ಟಳು. ಅನುಮಾನ ಇದ್ದದ್ದು ಕುಡಿತದ ಸಮಸ್ಯೆ ಇದ್ದ ಒಬ್ಬ ಗಂಡಸಿನ ಮೇಲೆ. ಅವನಿಗೆ ಆ ಹೊತ್ತಿನದು ಏನೂ ನೆನಪಿಲ್ಲ. ಗಿಸ್ಲಿ ಪ್ರಶ್ನೆ ಕೇಳಿದ. ಆ ಮನುಷ್ಯ ಯೋಚಿಸಿ, ಹಾಗಾದ್ರೆ ನಾನೇ ಕದ್ದಿರಬೇಕು ಅಂತ ಒಪ್ಪಿಕೊಂಡ.

ಆಮೇಲೆ ಗೊತ್ತಾಯ್ತು, ಪರ್ಸ್ ಕಳುವೇ ಆಗಿರಲಿಲ್ಲ.

ಯಾರೂ ಹೊಡೆದಿಲ್ಲ, ಬೈದಿಲ್ಲ. ನಡೆಯದೇ ಇರೋ ಕಳ್ಳತನಕ್ಕೆ ಒಬ್ಬ ಕಳ್ಳ ಸಿಕ್ಕಿಬಿಟ್ಟ! ಅವನ ತಲೆಯಲ್ಲಿ ಒಂದು ಖಾಲಿ ಜಾಗ ಇತ್ತು, ಕೇಳಿದವರ ಕೈಯಲ್ಲಿ ಒಂದು ಕಥೆ ಇತ್ತು. ಕಥೆ ಹೋಗಿ ಜಾಗದಲ್ಲಿ ಕೂತ್ಕೊಳ್ತು.

ಗಿಸ್ಲಿ ಮುಂದೆ ಲಂಡನ್ನಿನಲ್ಲಿ ದೊಡ್ಡ ಮನಶ್ಶಾಸ್ತ್ರಜ್ಞ ಆದ್ರು. ತನ್ನ ನೆನಪಿನ ಮೇಲೇ ಅಪನಂಬಿಕೆ ಬಂದು, ಬೇರೆಯವರು ಹೇಳಿದ್ದನ್ನ ನೆಚ್ಚಿಕೊಳ್ಳೋ ಆ ಸ್ಥಿತಿಗೆ 1982ರಲ್ಲಿ ಸಹೋದ್ಯೋಗಿ ಒಬ್ಬರ ಜೊತೆ ಸೇರಿ ಹೆಸರಿಟ್ಟರು. 1984ರಲ್ಲಿ ಒಂದು ಅಳತೆಗೋಲು ಮಾಡಿದ್ರು. ನಿಮಗೊಂದು ಪುಟ್ಟ ಕಥೆ ಓದಿ ಹೇಳ್ತಾರೆ. ಆಮೇಲೆ 20 ಪ್ರಶ್ನೆ. ಅದರಲ್ಲಿ 15 ಪ್ರಶ್ನೆಗಳು ನಿಮ್ಮನ್ನ ತಪ್ಪು ಉತ್ತರದ ಕಡೆಗೆ ತಳ್ಳೋವು, ಕಥೆಯಲ್ಲಿ ಇಲ್ಲದ್ದನ್ನ ಇತ್ತು ಅನ್ನೋ ಹಾಗೆ ಕೇಳೋವು. ಎಷ್ಟಕ್ಕೆ ತಲೆ ಆಡಿಸಿದ್ರಿ ಅಂತ ಎಣಿಸ್ತಾರೆ. ಮುಗೀತು ಅಂದ್ಕೊಂಡ್ರೆ, ಸ್ವಲ್ಪ ಗಡುಸಾಗಿ, ‘ತುಂಬಾ ತಪ್ಪು ಮಾಡಿದ್ದೀರ, ಇನ್ನೊಂದ್ಸಲ ಸರಿಯಾಗಿ ಹೇಳಿ’ ಅಂತಾರೆ. ಅದೇ 20 ಪ್ರಶ್ನೆ ಮತ್ತೆ. ಈ ಸಲ ಎಷ್ಟು ಉತ್ತರ ಬದಲಾಯಿಸಿದ್ರಿ ಅಂತ ಎಣಿಸ್ತಾರೆ. ಮೊದಲನೇದು ಬಾಗೋದು, ಎರಡನೇದು ಜಾರೋದು.

ಎರಡನೇದನ್ನ ನಮ್ಮ ಮನೆಗಳಲ್ಲಿ ಎಲ್ಲರೂ ಅನುಭವಿಸಿರ್ತೀವಿ. ‘ನಿಜ ಹೇಳು’ ಅಂತ ಅಪ್ಪ ಎರಡನೇ ಸಲ ಕೇಳಿದಾಗ ಉತ್ತರ ಬದಲಾಗುತ್ತಲ್ಲ, ಅದೇ.

(4/8)

ಕನ್ನಡದಲ್ಲಿ ಜನರನ್ನ ಬಾಗಿಸೋಕೆ ಅಂಥ ಕಷ್ಟ ಏನೂ ಪಡಬೇಕಿಲ್ಲ. ‘ತಾನೇ?’ ಅಂತ ಒಂದು ಪದ ಸಾಕು. ‘ಅಲ್ವಾ?’ ಸಾಕು. ‘ಗಾಡಿ ಯಾವ ಬಣ್ಣ?’ ಅನ್ನೋದು ಪ್ರಶ್ನೆ. ‘ಬಿಳಿ ಗಾಡಿ ತಾನೇ?’ ಅನ್ನೋದು ಉತ್ತರ, ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ.

ನಮ್ಮ ಮಾವ ಊರಲ್ಲಿ ಇರೋದು. ಸಾಯಂಕಾಲ ಆದ್ರೆ ಕುಡೀತಾರೆ, ಜಗಳ ಇಲ್ಲ ಗಲಾಟೆ ಇಲ್ಲ, ಊಟ ಮಾಡಿ ಮಲಗ್ತಾರೆ. ಒಂದಿನ ರಾತ್ರಿ ಅವರು ವಾಪಸ್ ಬರ್ತಿರುವಾಗ ರಸ್ತೇಲಿ ಒಂದು ಗಾಡಿ ಸೈಕಲ್ಲಿಗೆ ಗುದ್ದಿ ನಿಲ್ಲಿಸದೆ ಹೋಯ್ತು. ಸೈಕಲ್ಲಲ್ಲಿದ್ದವರ ಕಾಲು ಮುರೀತು. ಮಾವ ಮನೆಗೆ ಬಂದು ಹೇಳಿದ್ದು ನಾನೂ ಅತ್ತೆನೂ ಇಬ್ಬರೂ ಕೇಳಿದ್ವಿ: ‘ಲೈಟು ಕಣ್ಣಿಗೆ ಹೊಡೀತು, ಏನೂ ಕಾಣಿಸ್ಲಿಲ್ಲ. ಧಡ್ ಅಂತು. ಗಾಡಿ ದೊಡ್ಡದೇ.’ ಅಷ್ಟೇ. ನಾಲ್ಕು ವಾಕ್ಯ.

ಬೆಳಗ್ಗೆ ಟೀ ಅಂಗಡಿ. ಅಲ್ಲಿ ಆಗಲೇ ಊರಿಗೆ ಊರೇ ತನಿಖೆ ಮುಗಿಸಿತ್ತು. ಮಾವನಿಗೆ ತಲೆ ಸಿಡೀತಿತ್ತು, ಕೈ ನಡುಗ್ತಿತ್ತು, ರಾತ್ರಿದು ಅರ್ಧ ಅಳಿಸಿಹೋಗಿತ್ತು. ಆಮೇಲೆ ಸ್ಟೇಷನ್ನಿಗೆ ಕರೆದ್ರು, ಜೊತೆಗೆ ನಾನು ಹೋದೆ. ಒಳ್ಳೇ ಮಾತಲ್ಲೇ ಕೇಳಿದ್ರು, ಟೀ ಕೂಡ ಕೊಟ್ರು. ‘ಬಿಳಿ ಗೂಡ್ಸ್ ಗಾಡಿ ತಾನೇ?’ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೂಂ, ಬಿಳೀದೇ ಇರ್ಬೇಕು’ ಅಂದ್ರು. ‘ಇರ್ಬೇಕು ಅಂದ್ರೆ? ಸರಿಯಾಗಿ ಹೇಳಿ.’ ‘ಬಿಳೀದೇ.’

ಮೂರನೇ ದಿನ ಮಾವನ ಕಥೆಯಲ್ಲಿ ಗಾಡಿ ಹಿಂದೆ ಹಸಿರು ಟಾರ್ಪಾಲಿನೂ ಬಂದಿತ್ತು. ಎಲ್ಲಿಂದ ಬಂತೋ! ಟಾರ್ಪಾಲಿನ ವಿಷಯ ನಾನು ಮೊದಲು ಕೇಳಿದ್ದು ಟೀ ಅಂಗಡಿಯವರ ಬಾಯಲ್ಲಿ. ಮಾವ ಸುಳ್ಳು ಹೇಳ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ನೋಡ್ತಾ ಇರೋರ ಥರ ವಿವರಿಸ್ತಿದ್ರು. ಹೇಳಿಕೆಯಲ್ಲಿ ಬರೆದಿದ್ದನ್ನ ಓದಿ ಹೇಳಿದಾಗ ಅದರಲ್ಲಿ ‘ಸದರಿ ವಾಹನವು ಅತಿವೇಗ ಮತ್ತು ಅಜಾಗರೂಕತೆಯಿಂದ’ ಅಂತೆಲ್ಲ ಇತ್ತು. ನಮ್ಮ ಮಾವ ಹುಟ್ಟಿದಾಗಿಂದ ಒಂದ್ಸಲನೂ ‘ಸದರಿ’ ಅಂದವರಲ್ಲ.

ಪಕ್ಕದೂರಲ್ಲಿ ಬಿಳಿ ಗೂಡ್ಸ್ ಗಾಡಿ ಇಟ್ಕೊಂಡು ತರಕಾರಿ ಹೊಡೆಯೋ ಒಬ್ಬರಿದ್ದಾರೆ. ಒಂದು ವಾರ ಅವರು ಸ್ಟೇಷನ್ನಿಗೆ ಅಲೆದ್ರು. ದುಡಿಯೋ ಗಾಡಿ ವಾರ ನಿಂತ್ರೆ ಏನಾಗುತ್ತೆ ಅನ್ನೋ ಲೆಕ್ಕ ನಿಮಗೆ ನಾನು ಹೇಳಬೇಕಿಲ್ಲ. ಗುದ್ದಿದ ಗಾಡಿ ಯಾವುದು ಅಂತ ಇವತ್ತಿಗೂ ಗೊತ್ತಾಗಿಲ್ಲ.

(5/8)

ಇದಾದ್ಮೇಲೆ ನಾನು ಹುಡುಕಿ ಓದೋಕೆ ಶುರು ಮಾಡಿದೆ. ಕುಡಿದವರನ್ನ ಸುಲಭವಾಗಿ ಬಾಗಿಸಬಹುದು ಅಂತ ಒಂದು ಗೆರೆ ಎಳೆದು ಮುಗಿಸಬಹುದು ಅಂದ್ಕೊಂಡಿದ್ದೆ. ಸಂಶೋಧನೆ ಅಷ್ಟು ಸಲೀಸಾಗಿಲ್ಲ.

ಮೊದಲು ನೆನಪಿಡಿ, ಬಾಗೋಕೆ ಎಣ್ಣೆಯೇ ಬೇಕಿಲ್ಲ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾಲೇಜು ಹುಡುಗರಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದ್ರು. 50 ಜನಕ್ಕೆ, ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಷ್ಟು ಸ್ಪೀಡಲ್ಲಿದ್ವು ಅಂತ ಕೇಳಿದ್ರು. ಇನ್ನು 50 ಜನಕ್ಕೆ ‘ಹೊಡೆದಾಗ’ ಅಂತ ಕೇಳಿದ್ರು. ವಾರ ಬಿಟ್ಟು, ಒಡೆದ ಗಾಜು ನೋಡಿದ್ರಾ ಅಂತ ಕೇಳಿದ್ರೆ ಮೊದಲ ಗುಂಪಲ್ಲಿ 16 ಜನ ಹೌದಂದ್ರು, ಎರಡನೇದರಲ್ಲಿ 7. ಫಿಲ್ಮಲ್ಲಿ ಗಾಜು ಒಡೆದೇ ಇರಲಿಲ್ಲ. ಎಲ್ಲರೂ ನೆಟ್ಟಗಿದ್ದವರು.

ಈಗ ಎಣ್ಣೆ. 1999ರಲ್ಲಿ ಫಿನ್‌ಲ್ಯಾಂಡಿನ ಪೆಕ್ಕಾ ಸಾಂತಿಲಾ ಮತ್ತು ಜೊತೆಗಾರರು ಗಿಸ್ಲಿಯವರ ಅಳತೆಗೋಲನ್ನ ಕುಡಿದವರ ಮೇಲೆ ಇಟ್ಟು ನೋಡಿದ್ರು. ಕುಡಿದವರು ಹೆಚ್ಚು ಬಾಗಿರಬೇಕಲ್ವಾ? ಇಲ್ಲ, ಕಡಿಮೆ ಬಾಗಿದ್ರು! ನನಗೆ ಇದು ಅರ್ಥ ಆಗೋದು ಹೀಗೆ: ಪ್ರಶ್ನೆ ಕೇಳೋನ ಭಯ ಇದ್ರೆ ತಾನೇ ಬಾಗೋದು? ಅಮಲಲ್ಲಿರೋನಿಗೆ ಆ ಹೊತ್ತಿಗೆ ಯಾರ ಭಯ? ನಮ್ಮೂರ ಹಬ್ಬದ ದಿನ ಎಸ್ಐಗೇ ‘ಏನಣ್ಣಾ’ ಅನ್ನೋರನ್ನ ನೀವೂ ನೋಡಿರ್ತೀರ.

ಇನ್ನೊಂದು ಕಡೆ ನೆದರ್‌ಲ್ಯಾಂಡ್ಸಿನ ಕಿಮ್ ವಾನ್ ಊರ್‌ಸೌವ್ ಮತ್ತು ಜೊತೆಗಾರರು ಲ್ಯಾಬ್ ಬಿಟ್ಟು ಬಾರಿಗೇ ಹೋದ್ರು. ನಿಜವಾಗಲೂ ಕುಡೀತಾ ಕೂತಿದ್ದವರನ್ನ ಹಿಡಿದು, ಒಂದು ನಟನೆಯ ಅಪರಾಧದ ಬಗ್ಗೆ ಪರೀಕ್ಷೆ ಮಾಡಿದ್ರು, ಕೆಲವು ದಿನ ಬಿಟ್ಟು ಅಮಲಿಲ್ಲದಾಗ ಮತ್ತೆ ಕೇಳಿದ್ರು. 2015ರಲ್ಲಿ ಬಂದ ಅವರ ವರದಿ ಪ್ರಕಾರ ಕುಡಿತ ನೆನಪನ್ನೂ ಕೆಡಿಸಿತ್ತು, ಬಾಗೋದನ್ನೂ ಹೆಚ್ಚಿಸಿತ್ತು. ಎರಡೂ ಒಟ್ಟಿಗೆ ನಿಜ ಹೇಗೆ? ಒಂದು ಕಾರಣ ಡೋಸ್ ಇರಬಹುದು ಅಂತ ನನಗನ್ಸುತ್ತೆ. ಲ್ಯಾಬಲ್ಲಿ ಯಾರಿಗೂ ಕಂಠಪೂರ್ತಿ ಕುಡಿಸೋಕೆ ಅನುಮತಿ ಸಿಗಲ್ಲ. ಬಾರಲ್ಲಿ ಅನುಮತಿ ಯಾರು ಕೇಳ್ತಾರೆ?

ಇನ್ನೊಂದು ತಮಾಷೆ: ಘಟನೆ ನೋಡಿದ ಮೇಲೆ ಕುಡಿದವರು ತಪ್ಪು ಮಾಹಿತಿಗೆ ಕಡಿಮೆ ಬಾಗಿದ್ರು ಅಂತ 2017ರ ಒಂದು ಬ್ರಿಟಿಷ್ ಅಧ್ಯಯನ ಹೇಳುತ್ತೆ. ಆಮೇಲೆ ಬರೋ ಹೊಸ ಸುದ್ದಿಯನ್ನ ಮೆದುಳು ಸರಿಯಾಗಿ ಬರ್ಕೊಳ್ಳಲ್ಲ, ಹಳೇದು ಕಲಬೆರಕೆ ಆಗದೆ ಉಳ್ಕೊಳ್ಳುತ್ತೆ. ದಯವಿಟ್ಟು ಈ ಪ್ಯಾರಾನ ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ತೋರಿಸ್ಬೇಡಿ.

(6/8)

ಇದನ್ನೆಲ್ಲ ಓದಿದ ಮೇಲೆ ನನಗೆ ಕಾಣೋದು ಒಂದೇ. ನಾವು ರಾತ್ರಿ ಬಗ್ಗೆ ಹೆದರ್ತೀವಿ, ಆದ್ರೆ ಹೆದರಬೇಕಾದ್ದು ಬೆಳಗ್ಗೆ ಬಗ್ಗೆ.

ಬ್ಲ್ಯಾಕೌಟ್ ಅಂದ್ರೆ ಪ್ರಜ್ಞೆ ತಪ್ಪಿ ಬೀಳೋದು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಮನುಷ್ಯ ನಡೀತಾನೆ, ಮಾತಾಡ್ತಾನೆ, ಬಿಲ್ ಕೊಟ್ಟು ಚಿಲ್ಲರೆನೂ ಎಣಿಸ್ಕೋತಾನೆ. ಮೆದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗ ಮಾತ್ರ ಅದನ್ನ ಉಳಿಸ್ಕೊಳ್ತಾ ಇಲ್ಲ. ಅಂಗಡಿ ಸಿಸಿಟಿವಿಯಲ್ಲಿ ಸ್ಕ್ರೀನ್ ಮೇಲೆ ಚಿತ್ರ ಬರ್ತಿರುತ್ತೆ, ಹಿಂದೆ ರೆಕಾರ್ಡಿಂಗ್ ಆಫ್ ಆಗಿರುತ್ತಲ್ಲ, ಹಾಗೆ. ಕೆಲವರಿಗೆ ಪೂರ್ತಿ ರಾತ್ರಿ ಹೋಗುತ್ತೆ. ಕೆಲವರಿಗೆ ಚೂರು ಚೂರು ಉಳಿಯುತ್ತೆ, ಆ ಚೂರುಗಳೇ ಅಪಾಯ. ಎರಡು ಚೂರುಗಳ ನಡುವೆ ಯಾರು ಏನು ಬೇಕಾದ್ರೂ ತುಂಬಬಹುದು.

ರೆಕಾರ್ಡ್ ಆಗಿರೋದೂ ಕಿರಿದಾಗಿರುತ್ತೆ. 1990ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಇದನ್ನ ಒಂಥರ ಹ್ರಸ್ವದೃಷ್ಟಿ ಅಂದ್ರು. ಅಮಲಲ್ಲಿ ಗಮನ ಎದುರಿಗೆ ಹೊಡೆದು ಕಾಣೋದರ ಮೇಲೆ ಮಾತ್ರ ನಿಲ್ಲುತ್ತೆ, ಅಂಚಲ್ಲಿರೋದು ಜಾರಿಹೋಗುತ್ತೆ. ಮಾವನಿಗೆ ಹೆಡ್‌ಲೈಟ್ ಕಂಡಿದೆ. ಬಣ್ಣ ಕಂಡಿಲ್ಲ.

ಬೆಳಗ್ಗೆ ಎದ್ದಾಗ ಅಮಲಿನ ಧೈರ್ಯ ಇಳಿದಿರುತ್ತೆ, ಭಯ ವಾಪಸ್ ಬಂದಿರುತ್ತೆ. ಜೊತೆಗೆ ನಾಚಿಕೆ. ರಾತ್ರಿ ಏನು ಮಾಡಿದ್ನೋ ಅನ್ನೋ ಅಳುಕು. ಸುತ್ತ ಇರೋರಿಗೆಲ್ಲ ನಿನಗಿಂತ ಹೆಚ್ಚು ಗೊತ್ತಿದೆ ಅನ್ಸುತ್ತೆ, ಎಷ್ಟೋ ಸಲ ನಿಜವಾಗಲೂ ಗೊತ್ತಿರುತ್ತೆ. ಆಗ ಯಾರಾದ್ರೂ ಬಂದು, ‘ನೀನೇ ಅಲ್ವಾ?’ ಅಂದ್ರೆ ತಿರುಗಿಸಿ ‘ಇಲ್ಲ’ ಅನ್ನೋಕೆ ಕೈಯಲ್ಲಿ ಏನಿದೆ?

ಇಲ್ಲಿ ಎರಡು ಥರದವರಿದ್ದಾರೆ, ಗಿಸ್ಲಿ ಇವರನ್ನ ಬೇರೆ ಬೇರೆ ಇಡ್ತಾರೆ. ‘ಹೂಂ ಅಂದ್ಬಿಟ್ರೆ ಮನೆಗೆ ಕಳಿಸ್ತಾರೆ’ ಅಂತ ಒಪ್ಕೊಳ್ಳೋರು, ಇವರಿಗೆ ಒಳಗೊಳಗೆ ಅದು ಸುಳ್ಳು ಅಂತ ಗೊತ್ತು. ಇನ್ನೊಬ್ಬರು ನಿಜವಾಗಲೂ ನಂಬಿಬಿಡೋರು. ಮೊದಲನೆಯವರು ಲಾಯರ್ ಸಿಕ್ಕ ತಕ್ಷಣ ಮಾತು ಬದಲಾಯಿಸ್ತಾರೆ. ಎರಡನೆಯವರು ಬದಲಾಯಿಸೋದು ಎಲ್ಲಿಂದ? ಅವರ ಪಾಲಿಗೆ ಅದೇ ನೆನಪು.

(7/8)

ಈಗ ನೀವು, ಸರಿ ಹಾಗಾದ್ರೆ ಕುಡಿದವರ ಮಾತೇ ಬೇಡ, ಸೀದಾ ಕಸದಬುಟ್ಟಿಗೆ ಅಂತೀರಾ? ಹಾಗೆ ಮಾಡೋರೇ ಜಾಸ್ತಿ, ಅದರ ಬೆಲೆ ಯಾರು ಕೊಡ್ತಾರೆ ನೋಡಿ. ಪಾರ್ಟಿಯಲ್ಲಿ ಎರಡು ಡ್ರಿಂಕ್ ತಗೊಂಡ ಹುಡುಗಿ ತನ್ನ ಮೇಲೆ ದೌರ್ಜನ್ಯ ಆಯ್ತು ಅಂತ ಹೇಳಿದ್ರೆ ಮೊದಲ ಪ್ರಶ್ನೆ ಏನು? ‘ಕುಡಿದಿದ್ದೆ ತಾನೇ?’ ಇಲ್ಲೂ ಅದೇ ‘ತಾನೇ’. ಆಚೆ ಕಡೆಯವನೂ ಕುಡಿದಿದ್ದ ಅಂದ್ರೆ, ಪಾಪ ಕುಡಿದಿದ್ದ ಅಂತಾರೆ. ಗಂಡಸಿಗೆ ಎಣ್ಣೆ ನೆಪ, ಹೆಂಗಸಿಗೆ ಎಣ್ಣೆ ಆರೋಪ. ನನಗೆ ಸಿಟ್ಟು ಬರೋ ಜಾಗ ಇದು.

ಬ್ರಿಟನ್ನಿನ ಹೆದರ್ ಫ್ಲೋ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದ್ದಾರೆ. ಕುಡಿದಿದ್ದ ಹೆಂಗಸರಿಗೆ ಕಾಲ್ಪನಿಕ ಲೈಂಗಿಕ ದೌರ್ಜನ್ಯದ ಸನ್ನಿವೇಶ ಕೊಟ್ಟು, ಆಮೇಲೆ ನೆನಪು ಪರೀಕ್ಷಿಸಿದ್ರು. ಕುಡಿದಿದ್ದವರು ಕಡಿಮೆ ವಿಷಯ ಹೇಳಿದ್ರು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದ್ರು. ಹೇಳಿದಷ್ಟು ಮಾತ್ರ ನೆಟ್ಟಗಿದ್ದವರಷ್ಟೇ ಸರಿಯಾಗಿತ್ತು. ಅಮೆರಿಕದ ಮಯಾಮಿಯ ನಾಡ್ಯಾ ಶ್ರೈಬರ್ ಕಾಂಪೋ ಮತ್ತು ಜೊತೆಗಾರರ 2012ರ ಅಧ್ಯಯನದ ಶೀರ್ಷಿಕೆಯೇ, ಕುಡಿದ ಸಾಕ್ಷಿಗಳು ಅವರಿಗಿರೋ ಹೆಸರಿಗಿಂತ ವಾಸಿಯೇನೋ ಅನ್ನೋ ಅರ್ಥದ್ದು.

ಸ್ವೀಡನ್ನಿನಲ್ಲಿ ಮಾಲಿನ್ ಹಿಲ್ಡೆಬ್ರಾಂಡ್ ಕಾರ್ಲೆನ್ ಮತ್ತು ತಂಡದವರು ಇನ್ನೊಂದು ನೋಡಿದ್ರು. ಅಮಲು ಇಳಿಯಲಿ ಅಂತ ಕಾಯೋದು ವಾಸಿನಾ, ಅಥವಾ ಆಗಲೇ ಕೇಳೋದಾ? ಅಮಲಿದ್ದಾಗಲೇ ಕೇಳಿದವರಿಂದ ಹೆಚ್ಚು ವಿಷಯ ಸಿಕ್ತು, ವಾರ ಕಾದ್ರೆ ಕಡಿಮೆ. ಮಾವನ ನಾಲ್ಕು ವಾಕ್ಯ ನೆನಪಿದೆಯಲ್ಲ? ಕುಡಿದು ಬಂದ ರಾತ್ರಿ ಹೇಳಿದ್ದೇ ಸರಿಯಾಗಿತ್ತು. ಬಣ್ಣ ಗೊತ್ತಿಲ್ಲ ಅನ್ನೋದೂ ಅದರಲ್ಲಿತ್ತು.

(8/8)

ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಕಾಯ್ದೆಯ ಕೆಳಗೆ ಒಂದು ನಿಯಮಾವಳಿ ಇದೆ. ಪ್ರಶ್ನೆ ಏನು, ತನ್ನ ಉತ್ತರದಿಂದ ಏನಾಗುತ್ತೆ ಅಂತ ಅರ್ಥ ಆಗದಷ್ಟು ಕುಡಿದಿರೋ ಆರೋಪಿಯನ್ನ ವಿಚಾರಣೆ ಮಾಡೋ ಹಾಗಿಲ್ಲ. ಯಾರದೋ ಜೀವಕ್ಕೆ ಅಪಾಯ ಇದೆ ಅನ್ನೋಂಥ ತುರ್ತಿಗೆ ಮಾತ್ರ ವಿನಾಯ್ತಿ.

ನಮ್ಮಲ್ಲಿ ಸ್ಕೂಟರ್ ಓಡಿಸೋಕೆ ಒಂದು ಸಂಖ್ಯೆ ಇದೆ, 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು. ಹೇಳಿಕೆ ಕೊಡೋಕೆ ಅಂಥ ಸಂಖ್ಯೆ ಯಾವುದೂ ಇಲ್ಲ.

ಅಮಲು ಮತ್ತು ವಿಚಾರಣೆ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ಮಾತಾಡೇ ಇಲ್ಲ ಅಂತಲ್ಲ. ನಾರ್ಕೋ ಟೆಸ್ಟ್ ನೆನಪಿದೆಯಾ? ಛಾಪಾ ಕಾಗದದ ತೆಲಗಿಯನ್ನ ಬೆಂಗಳೂರಿನಲ್ಲಿ ಮಲಗಿಸಿ, ಇಂಜೆಕ್ಷನ್ ಕೊಟ್ಟು, ಪ್ರಶ್ನೆ ಕೇಳಿದ್ದು? ಆ ಇಂಜೆಕ್ಷನ್ ಸೋಡಿಯಂ ಪೆಂಟೊಥಾಲ್. ಎಣ್ಣೆ ಮೆದುಳಿನ ಯಾವ ಬ್ರೇಕನ್ನ ಒತ್ತುತ್ತೋ, ಇದೂ ಹೆಚ್ಚುಕಡಿಮೆ ಅದನ್ನೇ ಒತ್ತುತ್ತೆ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಅನ್ನೋ ಕೇಸಲ್ಲಿ ಕೋರ್ಟು, ಒಪ್ಪಿಗೆ ಇಲ್ಲದೆ ಯಾರಿಗೂ ಹೀಗೆ ಮಾಡೋ ಹಾಗಿಲ್ಲ ಅಂತ ತೀರ್ಪು ಕೊಡ್ತು. ಸಿರಿಂಜಿಗೆ ಒಂದು ನಿಯಮ ಬಂತು. ಬಾಟ್ಲಿಗೆ ಇನ್ನೂ 1872.

ನೀವು ಮಾಡಬಹುದಾದ್ದು ಚಿಕ್ಕದು. ನಿಮ್ಮ ಜೊತೆ ಇರೋ ಯಾರಾದ್ರೂ ಕುಡಿದಿದ್ದು, ಏನಾದ್ರೂ ನೋಡಿದ್ರೆ ಅಥವಾ ಅವರಿಗೇ ಏನಾದ್ರೂ ಆದ್ರೆ, ಆವತ್ತು ರಾತ್ರಿನೇ ಫೋನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ. ‘ಏನಾಯ್ತು?’ ಅಂತ ಒಂದೇ ಒಂದ್ಸಲ ಕೇಳಿ. ಸುಮ್ಮನಿರಿ. ಅವರು ನಿಂತ್ರೆ ‘ಆಮೇಲೆ?’ ಅನ್ನಿ. ಬಣ್ಣ, ಹೆಸರು, ಟೈಮು ಯಾವುದನ್ನೂ ನೀವು ಕೊಡಬೇಡಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತನೇ ರೆಕಾರ್ಡ್ ಆಗಲಿ. ಬೆಳಗ್ಗೆ ಟೀ ಅಂಗಡಿಗೆ ಹೋಗೋಕೆ ಮೊದಲು ಆ ಫೈಲನ್ನ ಇನ್ನೊಬ್ಬರಿಗೆ ಕಳಿಸಿಟ್ಟಿರಿ.